ತುಂಗಿಯ ಅಂಗಿ

ಪುತ್ತಿಗೆ, ಮೂಡುಬಿದಿರೆ
18 ಜೂನ್ 2024

ಜುಲೈಕಾ ಟೀಚರ್ ಅವರಿಗೆ ನಮಸ್ಕಾರ.

ಕಳೆದ ತಿಂಗಳು ಬಿ.ಸಿ. ರೋಡಿನಲ್ಲಿ ಅಂಗನವಾಡಿ ಟೀಚರುಗಳ ತರಬೇತಿಗೆ ಚಿತ್ರಪುಸ್ತಕಗಳ ಬಗ್ಗೆ ಮಾತನಾಡಲು ಬಂದಿದ್ದ ಕಾಂತಿ ನಾನು. ಮಾತು ಮುಗಿದ ಮೇಲೆ ಎಲ್ಲರೂ ಚೆನ್ನಾಗಿತ್ತು ಎಂದರು. ನೀವೊಬ್ಬರು ಮಾತ್ರ "ಮೇಡಂ, ನಿಮ್ಮ ಪುಸ್ತಕದ ಮಕ್ಕಳಿಗೆ ಮೂಗು ಸೋರುವುದೇ ಇಲ್ಲ" ಎಂದಿರಿ. ಆಗ ನಕ್ಕುಬಿಟ್ಟೆ. ಮನೆಗೆ ಬಂದು ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ನೀವು ಹೇಳಿದ್ದು ನಿಜ.

ಅದಕ್ಕೇ ಈ ಕಟ್ಟನ್ನು ನಿಮಗೇ ಕಳಿಸುತ್ತಿದ್ದೇನೆ. ಪುಟ್ಟ ಮಕ್ಕಳಿಗೆ ಸ್ವಾಭಿಮಾನ ಕಲಿಸುವ ಒಂದು ಚಿತ್ರಪುಸ್ತಕ ಬೇಕೆಂದು ಪ್ರಕಾಶಕರು ಕೇಳಿದ್ದಾರೆ. ಚಿತ್ರ, ಮಾತು ಎರಡೂ ನನ್ನದೇ. ತುಂಗಿ ಎಂಬ ಹುಡುಗಿಗೆ ಪಕ್ಕದ ಮನೆಯವರು ತಮ್ಮ ಮಗಳ ಹಳೆಯ ಅಂಗಿ ಕೊಡುತ್ತಾರೆ. ತುಂಗಿ ಎಲ್ಲರೆದುರು ಅದನ್ನು ವಾಪಸು ಕೊಟ್ಟು, ಅಮ್ಮನ ಸೀರೆಯಿಂದ ಹೊಲಿದ ಅಂಗಿ ಹಾಕಿಕೊಂಡು, "ಬೇರೆಯವರದು ನನಗೆ ಬೇಡ, ನನ್ನದು ನನಗೆ ಚಂದ" ಎನ್ನುತ್ತಾಳೆ. ಇಷ್ಟೇ ಕಥೆ. ಅಚ್ಚಿಗೆ ಹೋಗುವ ಮೊದಲು ನಿಮ್ಮ ಮಕ್ಕಳಿಗೆ ಒಮ್ಮೆ ಓದಿ ತೋರಿಸುತ್ತೀರಾ? ಅವರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು, ಎಲ್ಲ ಬೇಕು ನನಗೆ.

ಇನ್ನೊಂದು ಪ್ರಶ್ನೆ. ಸ್ವಾಭಿಮಾನ ಎಂಬ ಮಾತಿಗೆ ಐದು ವರ್ಷದ ಬಾಯಲ್ಲಿ ಹಿಡಿಯುವಂಥ ಪದ ಯಾವುದು? ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ಅಷ್ಟು ವರ್ಷ ಮಕ್ಕಳ ಜೊತೆಗಿದ್ದರೂ ನನಗೆ ಹೊಳೆಯುತ್ತಿಲ್ಲ.

ಕಾಗದದಲ್ಲೇ ಬರೆಯಿರಿ. ಫೋನಿನಲ್ಲಾದರೆ "ಚೆನ್ನಾಗಿತ್ತು" ಎಂದು ಮುಗಿಸಿಬಿಡುತ್ತೇವೆ.

ಇತಿ,
ಕಾಂತಿ

---

ಕೊಕ್ಕಡ
1 ಜುಲೈ 2024

ಮಾನ್ಯ ಕಾಂತಿ ಮೇಡಂ ಅವರಿಗೆ ಜುಲೈಕಾಳ ನಮಸ್ಕಾರಗಳು.

ತಮ್ಮ ಪುಸ್ತಕ ತಲುಪಿತು. ಚಿತ್ರಗಳು ತುಂಬ ಚಂದ ಉಂಟು. ಕಾಗದದಲ್ಲಿ ಬರೆಯಿರಿ ಎಂದದ್ದು ನನಗೂ ಅನುಕೂಲ. ನಮ್ಮ ಅಂಗನವಾಡಿಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗಬೇಕಾದರೆ ಗೇಟಿನ ಹೊರಗೆ ಬಂದು ನಿಲ್ಲಬೇಕು.

ನಿಮ್ಮ ಪ್ರಶ್ನೆಯನ್ನು ಮೊದಲು ಕೇಳಿದೆ. ನಮ್ಮ ಮಕ್ಕಳಲ್ಲಿ ತುಳುವಿನವರು ಜಾಸ್ತಿ, ಬ್ಯಾರಿ ಮಾತಾಡುವವರು ಕೆಲವರು, ಮಲಯಾಳದವರು ಕೆಲವರು. ಸ್ವಾಭಿಮಾನ ಯಾರಿಗೂ ಗೊತ್ತಿಲ್ಲ. "ಮರ್ಯಾದೆ ಅಂದ್ರೆ ಎಂತ?" ಎಂದು ಕೇಳಿದೆ. ವಿಸ್ಮಿತಾ ಎಂಬ ಹುಡುಗಿ ಕೂಡಲೇ ಹೇಳಿದಳು: "ಪೆಟ್ಟು ಕೊಡುವ ಮೊದಲು ಹೇಳುವುದು, ಟೀಚರ್. ಮರ್ಯಾದೆಯಲ್ಲಿ ಕೂತ್ಕೋ ಅಂತ." ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ಹಾಗಾಗಿ ಆ ಪದ ನಿಮ್ಮ ಉಪಯೋಗಕ್ಕೆ ಬರಲಿಕ್ಕಿಲ್ಲ.

ಪುಸ್ತಕ ಓದುವಾಗ ಮಕ್ಕಳು ಗಲಾಟೆ ಮಾಡಲಿಲ್ಲ. "ಬೇರೆಯವರ ಅಂಗಿ ಹಾಕಿದ್ರೆ ತುಂಗಿಗೆ ತುರಿಸ್ತದಾ?" ಎಂದು ಒಂದು ಮಗು ಕೇಳಿತು. ತುಂಗಿ ಅಂಗಿ ವಾಪಸು ಕೊಡುವ ಪುಟವನ್ನು ಎರಡನೇ ಸಲ ತೋರಿಸಬೇಕಾಯಿತು. ಆಮೇಲೆ ಮನ್ವಿತ್ ಎಂಬ ಹುಡುಗ ತನ್ನ ಅಂಗಿ ತೆಗೆದಿಟ್ಟ. ಅದು ಬೇರೆಯವರು ಕೊಟ್ಟ ಅಂಗಿ.

ಬೇರೆ ವಿಶೇಷ ಇಲ್ಲ. ತಪ್ಪಿದ್ದರೆ ಕ್ಷಮಿಸಬೇಕು.

ತಮ್ಮ ವಿಶ್ವಾಸಿ,
ಜುಲೈಕಾ

---

ಪುತ್ತಿಗೆ
8 ಜುಲೈ 2024

ಪ್ರೀತಿಯ ಜುಲೈಕಾ ಟೀಚರ್,

ನಿಮ್ಮ ಕಾಗದ ಓದಿ ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟ ಹಾಲನ್ನು ಮರೆತೆ. "ಬೇರೆ ವಿಶೇಷ ಇಲ್ಲ" ಎಂದು ಬರೆದಿದ್ದೀರಲ್ಲ, ಇದಕ್ಕಿಂತ ವಿಶೇಷ ಇನ್ನೇನು ಬೇಕು? ಐದು ವರ್ಷದ ಮಗು ಒಂದು ಪುಸ್ತಕ ಕೇಳಿ, ತುಂಗಿಯಂತೆಯೇ ಮಾಡಬೇಕೆಂದು ಎದ್ದು ನಿಂತಿದ್ದಾನೆ. ನಾನು ಇಷ್ಟು ಪುಸ್ತಕ ಮಾಡಿದ್ದೇನೆ. ಒಂದು ಮಗು ಹೀಗೆ ಓಗೊಟ್ಟದ್ದನ್ನು ಕೇಳಿದ್ದು ಇದೇ ಮೊದಲು.

ನಿನ್ನೆ ಮೂಡುಬಿದಿರೆಯಲ್ಲಿ ಶಿಕ್ಷಕರ ಒಂದು ಸಭೆಯಿತ್ತು. ಅಲ್ಲಿ ಮನ್ವಿತ್‌ನ ವಿಷಯ ಹೇಳಿದೆ. ಸಭೆಯವರು ಚಪ್ಪಾಳೆ ತಟ್ಟಿದರು. ಪ್ರಕಾಶಕರಿಗೂ ಫೋನ್ ಮಾಡಿ ಹೇಳಿದ್ದೇನೆ.

ಈಗ ನನ್ನ ಕುತೂಹಲ. ಚಿತ್ರ ಬರೆಯುವವಳಿಗೆ ಇಂಥದ್ದೇ ಬೇಕಾಗುವುದು, ಬೇಸರ ಮಾಡಿಕೊಳ್ಳಬೇಡಿ. ಅಂಗಿ ತೆಗೆದನಲ್ಲ, ಎಸೆದನೋ ಮಡಚಿಟ್ಟನೋ? ಎಲ್ಲಿಟ್ಟ? ಯಾರಾದರೂ ಅವನಿಗೆ ಏನಾದರೂ ಹೇಳಿದರೋ, ಅವನಾಗಿಯೇ ತೆಗೆದನೋ? ಆಮೇಲೆ ಅವನ ಮುಖ ಹೇಗಿತ್ತು? ಕೊನೆಯ ಪುಟದ ತುಂಗಿಗೆ ಆ ಮುಖವನ್ನೇ ಕೊಡಬೇಕೆಂದಿದ್ದೇನೆ.

ಬೇಗ ಬರೆಯಿರಿ.

ಕಾಂತಿ

---

ಕೊಕ್ಕಡ
29 ಜುಲೈ 2024

ಮಾನ್ಯ ಮೇಡಂ,

ಮಳೆಗೆ ರಜೆ ಕೊಟ್ಟದ್ದರಿಂದ ಉತ್ತರ ತಡವಾಯಿತು ಎಂದು ಬರೆಯಲು ಕೂತಿದ್ದೆ. ಆದರೆ ರಜೆಯಲ್ಲಿ ನನಗೆ ಸಮಯ ಇತ್ತು. ಬರೆಯಲು ಧೈರ್ಯ ಇರಲಿಲ್ಲ.

ನೀವು ಕೇಳಿದ್ದಕ್ಕೆ ಒಂದೊಂದಾಗಿ ಹೇಳುತ್ತೇನೆ. ಅವನು ಅಂಗಿಯನ್ನು ಎಸೆಯಲಿಲ್ಲ. ಮಡಚಿದ. ಸರಿಯಾಗಿ ಮಡಚಲು ಬರುವುದಿಲ್ಲ, ಒಂದು ತೋಳು ಹೊರಗೆ ನೇತಾಡುತ್ತಿತ್ತು. ಅದನ್ನು ಅಮಲ್‌ನ ಮುಂದೆ ಇಟ್ಟ.

ಅಮಲ್ ನಮ್ಮಲ್ಲಿಗೇ ಬರುವ ಇನ್ನೊಬ್ಬ ಹುಡುಗ. ಅವರದ್ದು ರಬ್ಬರ್ ತೋಟ. ಮನ್ವಿತ್‌ನ ಅಪ್ಪ ಅಮ್ಮ ಅಲ್ಲಿಗೇ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸಕ್ಕೆ ಹೋಗುತ್ತಾರೆ. ಅಮಲ್‌ಗೆ ಗಿಡ್ಡವಾದ ಅಂಗಿಗಳನ್ನು ಅವನ ಅಮ್ಮ ಒಗೆದು, ಇಸ್ತ್ರಿ ಹಾಕಿ ಇವರಿಗೆ ಕೊಡುತ್ತಾರೆ. ಅದರಲ್ಲಿ ಜೇಬಿನ ಮೇಲೆ ಆನೆ ಇರುವ ಒಂದು ಅಂಗಿ ಮನ್ವಿತ್‌ಗೆ ಬಹಳ ಇಷ್ಟ. ವಾರದಲ್ಲಿ ಮೂರು ದಿನ ಅದನ್ನೇ ಹಾಕಿಕೊಂಡು ಬರುತ್ತಿದ್ದ. ಆ ದಿನವೂ ಅದೇ ಅಂಗಿ.

ತುಂಗಿ "ಬೇರೆಯವರದು ನನಗೆ ಬೇಡ" ಎಂದು ಹೇಳುವ ಪುಟ ಬಂದಾಗ ಅಮಲ್ ಎದ್ದು ನಿಂತು, "ಟೀಚರ್, ಮನ್ವಿತ್ ಹಾಕಿದ್ದು ನನ್ನ ಅಂಗಿ. ಆ ಆನೆ ನಂದು" ಎಂದ. ಅವನು ಜಗಳಕ್ಕೆ ಹೇಳಿದ್ದಲ್ಲ. ಪುಸ್ತಕದಲ್ಲಿರುವುದೇ ನಮ್ಮಲ್ಲಿಯೂ ಉಂಟಲ್ಲ ಎಂಬ ಖುಷಿಯಲ್ಲಿ ಹೇಳಿದ. ಎಲ್ಲ ಮಕ್ಕಳೂ ತಿರುಗಿ ಮನ್ವಿತ್‌ನನ್ನು ನೋಡಿದರು. ಎರಡನೇ ಸಲ ಆ ಪುಟ ತೋರಿಸಬೇಕಾದದ್ದು ಅದಕ್ಕೇ. ಒಮ್ಮೆ ಪುಸ್ತಕ, ಒಮ್ಮೆ ಮನ್ವಿತ್, ಹಾಗೆ ನೋಡುತ್ತಿದ್ದರು.

ನಾನು ಮಾತು ಬದಲಿಸಬೇಕಿತ್ತು. ಅದರ ಬದಲು ಎಲ್ಲರಿಗೂ ಕೇಳುವ ಹಾಗೆ, "ಅದಕ್ಕೇನಂತೆ, ಮನ್ವಿತ್‌ಗೆ ಆ ಅಂಗಿ ಎಷ್ಟು ಚಂದ ಕಾಣ್ತದೆ ನೋಡಿ ಮಕ್ಕಳೇ" ಎಂದೆ. ಆಗ ಅವನು ಗುಂಡಿ ಬಿಚ್ಚತೊಡಗಿದ.

ಮುಖ ಹೇಗಿತ್ತು ಎಂದು ಕೇಳಿದ್ದೀರಿ. ನಾನು ನೋಡಲಿಲ್ಲ ಮೇಡಂ. ಅವನು ಗೋಡೆಯ ಕಡೆ ತಿರುಗಿ ಕೂತಿದ್ದ. ಬನಿಯನ್‌ನಲ್ಲಿಯೇ ಮನೆಗೆ ಹೋದ. ಅಂಗಿಯನ್ನು ನಾನೇ ಕಪಾಟಿನಲ್ಲಿ ಎತ್ತಿಟ್ಟೆ. ಮರುದಿನದಿಂದ ಬಂದಿಲ್ಲ.

ನೀವು ದೊಡ್ಡವರು, ಪ್ರೀತಿಯಿಂದ ಕಳಿಸಿದ ಪುಸ್ತಕ, ಅದಕ್ಕೆ ಮೊದಲೇ ಬರೆಯಲಿಲ್ಲ. ಆದರೆ ಅದು ಚಪ್ಪಾಳೆ ತಟ್ಟುವ ವಿಷಯ ಅಲ್ಲ.

ಜುಲೈಕಾ

---

ಪುತ್ತಿಗೆ
6 ಸೆಪ್ಟೆಂಬರ್ 2024

ಪ್ರೀತಿಯ ಜುಲೈಕಾ,

ಜ್ವರ ಇತ್ತು ಎಂದು ನಾನೂ ಬರೆಯಬಹುದಿತ್ತು. ಜ್ವರ ಇರಲಿಲ್ಲ.

ಪ್ರಕಾಶಕರಿಗೆ ಆ ಪುಸ್ತಕ ನಿಲ್ಲಿಸಿ ಎಂದು ಹೇಳಿದೆ. ಕಾರಣ ಕೇಳಿದರು, ಹೇಳಲಿಲ್ಲ. ಬಣ್ಣದ ಡಬ್ಬಿ ಮುಚ್ಚಿಟ್ಟು ಕೆಲವು ದಿನ ಅಂಗಳದ ಹುಲ್ಲು ಕಿತ್ತೆ. ಆಮೇಲೆ ಕಥೆಯನ್ನು ಹೊಸದಾಗಿ ಬರೆದೆ. ಇದರ ಜೊತೆ ಇಟ್ಟಿದ್ದೇನೆ. ಈ ಸಲ ತುಂಗಿ ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೈ ಮುಗಿದು, ಸಂತೋಷದಿಂದ ಹಾಕಿಕೊಳ್ಳುತ್ತಾಳೆ. ಕೊಡುವುದೂ ದೊಡ್ಡದು, ಪಡೆಯುವುದೂ ದೊಡ್ಡದು ಎಂದು ಕೊನೆಯಾಗುತ್ತದೆ. ಇದನ್ನು ಓದಿದರೆ ಮನ್ವಿತ್‌ಗೆ ಸಮಾಧಾನ ಆಗಬಹುದೇ?

ಅವನು ಬಂದನೇ?

ಕಾಂತಿ

---

ಕೊಕ್ಕಡ
3 ಅಕ್ಟೋಬರ್ 2024

ಪ್ರೀತಿಯ ಕಾಂತಿ ಅಕ್ಕ,

ಮೇಡಂ ಎಂದು ಬರೆದು ಬರೆದು ಕೈಗೆ ಬಿಗಿಯಾಯಿತು. ಹೀಗೆ ಕರೆದರೆ ಬೇಸರ ಇಲ್ಲ ಎಂದುಕೊಂಡಿದ್ದೇನೆ.

ಎರಡನೇ ಪುಸ್ತಕವನ್ನು ಮಕ್ಕಳಿಗೆ ಓದಿಲ್ಲ. ಮನ್ವಿತ್ ಇಲ್ಲದಾಗ ಅದನ್ನು ಓದುವುದು ಅವನ ಬೆನ್ನ ಹಿಂದೆ ಮಾತಾಡಿದ ಹಾಗೆ ಆಗುತ್ತದೆ. ನಾನೊಬ್ಬಳೇ ಓದಿದೆ. ಮೊದಲಿನ ತುಂಗಿ ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸುತ್ತಿದ್ದಳು. ಈ ತುಂಗಿ ಅಷ್ಟು ಕೈ ಮುಗಿಯುವುದು ನೋಡಿ ಪಾಪ ಅನಿಸಿತು. ಇಬ್ಬರಲ್ಲಿ ಯಾರೂ ನನಗೆ ಗೊತ್ತಿರುವ ಹುಡುಗಿ ಅಲ್ಲ.

ಮನ್ವಿತ್‌ನ ಮನೆಗೆ ಹೋಗಿದ್ದೆ. ಮೊದಲ ಸಲ ಹೋದಾಗ ಅವನ ಅಜ್ಜಿ ಪೂವಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. "ಅವರು ಅಂಗಿ ಕೊಟ್ಟದ್ದು ಒಳ್ಳೆಯ ಮನಸ್ಸಿನಲ್ಲೇ ಟೀಚರ್. ಇವನಿಗೆ ಎಂತ ಆಗಿದೆ ಅಂತ ನಂಗೂ ಗೊತ್ತಿಲ್ಲ. ಅಂಗನವಾಡಿ ಅಂದ್ರೆ ಹೊಟ್ಟೆನೋವು ಅಂತಾನೆ" ಎಂದರು. ಅವನು ನೀರಿನ ಡ್ರಮ್ಮಿನ ಹಿಂದೆ ನಿಂತಿದ್ದ. ಕರೆದರೂ ಬರಲಿಲ್ಲ.

ನೀವು ಮೊದಲು ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿತ್ತು, ಎಸೆದನೋ ಮಡಚಿಟ್ಟನೋ ಎಂದು. ಅಂಗಿಯ ಮೇಲೆ ಸಿಟ್ಟಿದ್ದರೆ ಎಸೆಯುತ್ತಿದ್ದ. ಹಾಗಾದರೆ ಸಿಟ್ಟು ಯಾವುದರ ಮೇಲೆ? ಇದು ನನಗೆ ತಿಳಿಯಬೇಕಿತ್ತು. ಹೋದ ವಾರ ಅಮಲ್‌ನನ್ನೂ ಅವನ ಅಮ್ಮನನ್ನೂ ಕರೆದುಕೊಂಡು ಮತ್ತೆ ಹೋದೆ.

ಅಮಲ್‌ನ ಅಮ್ಮ ಅಂಗಳಕ್ಕೆ ಕಾಲಿಡುವಾಗಲೇ "ಸಾರಿ ಹೇಳು ಮೋನೇ" ಎಂದು ಮಗನಿಗೆ ಹೇಳಿದರು. ಅವನು ಪದ್ಯ ಹೇಳುವ ಹಾಗೆ ಒಂದೇ ಉಸಿರಲ್ಲಿ ಸಾರಿ ಹೇಳಿ ಮುಗಿಸಿದ. ಮನ್ವಿತ್ ಅವನ ಮುಖವನ್ನೂ ನೋಡಲಿಲ್ಲ. ದೊಡ್ಡವರಿಗೆ ಪೂವಮ್ಮ ಚಾ ಮಾಡಲು ಒಳಗೆ ಹೋದರು. ಮಕ್ಕಳಿಬ್ಬರೂ ಕೋಳಿಗೂಡಿನ ಹತ್ತಿರ ಹೋದರು. ನಾನು ಕಿಟಿಕಿಯ ಪಕ್ಕ ಕೂತಿದ್ದೆ, ಕೇಳಿಸುತ್ತಿತ್ತು. ತುಂಬ ಹೊತ್ತು ಕೋಳಿಯ ಮಾತೇ ಆಯಿತು. ಮತ್ತೆ ಮನ್ವಿತ್ ಕೇಳಿದ:

"ನೀನು ಯಾಕೆ ಹೇಳಿದ್ದು?"

"ಅದು ನಂದಲ್ವಾ?"

"ನಿಂದೇ. ನಂಗೆ ಗೊತ್ತುಂಟು."

"ಮತ್ತೆ?"

"ನನ್ನತ್ರ ಹೇಳು. ಎಲ್ಲರತ್ರ ಯಾಕೆ ಹೇಳುವುದು?"

ಅಮಲ್ ಯೋಚನೆ ಮಾಡಿದ. "ಆಯ್ತು" ಎಂದ. ಆಮೇಲೆ ಮನ್ವಿತ್, "ಅಂಗಿ ಎಲ್ಲುಂಟು?" ಎಂದು ಕೇಳಿದ. "ಟೀಚರ್‌ನ ಕಪಾಟಲ್ಲಿ." ಅಷ್ಟೇ. ಮತ್ತೆ ಕೋಳಿಯ ಮಾತು.

ಮಂಗಳವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಮನ್ವಿತ್ ಮೆಟ್ಟಿಲಲ್ಲಿ ಕೂತಿದ್ದ. ಕಪಾಟಿನಿಂದ ಅಂಗಿ ತೆಗೆದುಕೊಟ್ಟೆ. ಬಾಗಿಲಿನ ಹಿಂದೆ ಹೋಗಿ ಅವನೇ ಹಾಕಿಕೊಂಡು ಬಂದ. ನಾನು ಈ ಸಲ ಚಂದ ಕಾಣ್ತದೆ ಎಂದು ಹೇಳಲಿಲ್ಲ. ಹಾಜರಿ ಕರೆದೆ. "ಇದ್ದೇನೆ" ಎಂದ.

ನಿಮ್ಮ
ಜುಲೈಕಾ

---

ಪುತ್ತಿಗೆ
24 ಅಕ್ಟೋಬರ್ 2024

ಪ್ರೀತಿಯ ಜುಲೈಕಾ,

ನಿನ್ನನ್ನು ಇನ್ನು ನೀನು ಎಂದೇ ಬರೆಯುತ್ತೇನೆ. ಅಕ್ಕ ಎಂದು ಕರೆದವಳಿಗೆ ಬಹುವಚನ ಸರಿಹೋಗುವುದಿಲ್ಲ.

ಕೋಳಿಗೂಡಿನ ಮಾತನ್ನು ಓದಿದ ಮೇಲೆ ನನ್ನ ಇಬ್ಬರೂ ತುಂಗಿಯರನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಆಗ ಕಂಡಿತು. ಎರಡರಲ್ಲಿಯೂ, ಯಾವ ಪುಟ ತೆಗೆದರೂ, ತುಂಗಿಯ ಸುತ್ತ ಜನ ನಿಂತಿದ್ದಾರೆ. ಒಂದರಲ್ಲಿ ಅವಳು ಬೇಡ ಎನ್ನುವುದನ್ನು ನೋಡುತ್ತಿದ್ದಾರೆ, ಇನ್ನೊಂದರಲ್ಲಿ ಕೈ ಮುಗಿಯುವುದನ್ನು ನೋಡುತ್ತಿದ್ದಾರೆ. ಅವಳ ಪಾಡಿಗೆ ಅವಳನ್ನು ನಾನು ಒಂದು ಪುಟದಲ್ಲಿಯೂ ಬಿಟ್ಟಿಲ್ಲ. ಇಷ್ಟು ಜನರನ್ನು ಬರೆದದ್ದು ನಾನೇ, ಒಬ್ಬೊಬ್ಬರಿಗೂ ಕಣ್ಣು ಇಟ್ಟವಳೂ ನಾನೇ.

ಜನರನ್ನೆಲ್ಲ ತೆಗೆದು ಮತ್ತೆ ಬರೆದಿದ್ದೇನೆ. ತುಂಗಿ ಹೂವಿನ ಅಂಗಿ ಹಾಕಿಕೊಂಡು ಆಟಕ್ಕೆ ಬರುತ್ತಾಳೆ. ಗೆಳತಿ ರಾಣಿ ಅದನ್ನು ನೋಡುತ್ತಾಳೆ, ಹತ್ತಿರ ಬರುತ್ತಾಳೆ, ಕಿವಿಯಲ್ಲಿ ಹೇಳುತ್ತಾಳೆ: "ಈ ಅಂಗಿ ನಂದಾಗಿತ್ತು. ಪೇರಳೆ ಮರ ಹತ್ತುವಾಗ ಇಲ್ಲಿ ಹರಿದದ್ದು." ತುಂಗಿಯೂ ಕಿವಿಯಲ್ಲೇ ಹೇಳುತ್ತಾಳೆ: "ಅಲ್ಲಿ ನಾನು ಒಂದು ಜೀರುಂಡೆ ಹೊಲಿಸಿದ್ದೇನೆ, ನೋಡು." ಇಬ್ಬರೂ ನಗುತ್ತಾರೆ. ಉಳಿದ ಮಕ್ಕಳು "ಯಾಕೆ ನಗ್ತೀರಿ?" ಎಂದು ಕೇಳಿದರೆ ಇಬ್ಬರೂ ಹೇಳುವುದಿಲ್ಲ. ಆಟ ಮುಂದುವರಿಯುತ್ತದೆ.

ಪ್ರಕಾಶಕರು "ಇದರಲ್ಲಿ ಮೌಲ್ಯ ಎಲ್ಲಿದೆ ಮೇಡಂ, ಸ್ವಾಭಿಮಾನ ಎಂಬ ಪದವೇ ಇಲ್ಲವಲ್ಲ" ಎಂದು ಕೇಳಿದರು. ಮಕ್ಕಳಿಗೆ ಓದಿ ತೋರಿಸಿ ಆಮೇಲೆ ಹೇಳುತ್ತೇನೆ ಎಂದಿದ್ದೇನೆ. ನಿನ್ನ ಮಾತಿನ ಮೇಲೆ ನಿಂತಿದೆ ಇದು. ಮಕ್ಕಳಿಗೆ ಹಿಡಿಸದಿದ್ದರೆ ಪುಸ್ತಕ ಇಲ್ಲ.

ಒಂದು ಆಸೆಯೂ ಉಂಟು. ಮೊದಲ ಪುಟದಲ್ಲಿ ಹೀಗೆ ಹಾಕಬೇಕೆಂದಿದ್ದೇನೆ: "ಕೊಕ್ಕಡದ ಮನ್ವಿತ್‌ಗೆ, ಆನೆಯ ಅಂಗಿಯನ್ನು ಮಡಚಿಟ್ಟವನಿಗೆ." ಕೆಳಗೆ ನಾಲ್ಕು ಸಾಲಿನಲ್ಲಿ ಅವನ ಕಥೆ. ಅವನ ಮನೆಯವರು ಒಪ್ಪಿಯಾರೇ, ಕೇಳಿ ನೋಡು. ಇದನ್ನು ಬರೆಯುವಾಗ ನನಗೆ ಕಣ್ಣು ತುಂಬಿತು.

ನಿನ್ನ
ಕಾಂತಿ ಅಕ್ಕ

---

ಕೊಕ್ಕಡ
11 ನವೆಂಬರ್ 2024

ಪ್ರೀತಿಯ ಕಾಂತಿ ಅಕ್ಕ,

ಮೂರನೇ ತುಂಗಿಯನ್ನು ಓದಿದೆ. ಕಿವಿಯಲ್ಲಿ ಹೇಳುವ ಪುಟ ಬಂದಾಗ ನಾನೂ ದನಿ ತಗ್ಗಿಸಿದೆ. ಮಕ್ಕಳೆಲ್ಲ ಕೂತಲ್ಲಿಂದ ಜಾರಿ ಜಾರಿ ನನ್ನ ಮಡಿಲಿನ ತನಕ ಬಂದರು. ಓದಿ ಮುಗಿಸಿದ ಕೂಡಲೇ ಎಲ್ಲರಿಗೂ ಪಕ್ಕದವರ ಕಿವಿಯಲ್ಲಿ ಏನಾದರೂ ಹೇಳಲಿಕ್ಕಿತ್ತು. ಹೇಳಲು ಏನೂ ಇಲ್ಲದವರು ಬರೇ ಉಸಿರು ಬಿಟ್ಟರು. ವಿಸ್ಮಿತಾ, "ಆ ಬೇರೆ ಮಕ್ಕಳಿಗೆ ಗೊತ್ತೇ ಆಗಲಿಲ್ಲ, ಪಾಪ" ಎಂದಳು. ಅದಕ್ಕೆ ಮನ್ವಿತ್, "ಪಾಪ ಎಂತ? ಅದು ಅವರಿಬ್ಬರದ್ದು" ಎಂದ. ಅಮಲ್ ಅವನ ಪಕ್ಕದಲ್ಲೇ ಕೂತಿದ್ದ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಪುಸ್ತಕ ಅಚ್ಚಾಗಲಿ ಅಕ್ಕ.

ಇನ್ನು ಹೆಸರಿನ ವಿಷಯ. ನಿಜ ಹೇಳುತ್ತೇನೆ, ಓದಿದಾಗ ನನಗೂ ಹೆಮ್ಮೆ ಆಯಿತು. ನಮ್ಮ ಅಂಗನವಾಡಿಯ ಮಗುವಿನ ಹೆಸರು ಪುಸ್ತಕದಲ್ಲಿ ಬರುವುದೆಂದರೆ ಸಣ್ಣ ಮಾತಲ್ಲ. ಪೂವಮ್ಮನವರಿಗೆ ಹೇಳಿದೆ. ಅವರು ಕೂಡಲೇ ಒಪ್ಪಿದರು. ಅವನ ಅಪ್ಪ ಒಂದು ಪುಸ್ತಕ ತನಗೂ ಬೇಕು ಎಂದರು. ಅಲ್ಲಿಗೆ ನಿಮಗೆ ಆಗಬಹುದೆಂದು ಬರೆಯಬೇಕಿತ್ತು. ಆದರೆ ಬರೆಯಲು ಕೂತಾಗ, ಅವನನ್ನೇ ಯಾರೂ ಕೇಳಲಿಲ್ಲವಲ್ಲ ಎಂದು ಹೊಳೆಯಿತು.

ಮರುದಿನ ಬೇರೆ ಮಕ್ಕಳು ಹಾಲು ಕುಡಿಯುತ್ತಿರುವಾಗ ಅವನನ್ನು ಹೊರಗೆ ಕರೆದು ಕೇಳಿದೆ.

"ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತಾರಂತೆ. ಅಂಗಿಯ ವಿಷಯವೂ ಬರೀತಾರಂತೆ. ಆಗ್ಬಹುದಾ?"

"ಆ ಪುಸ್ತಕ ಯಾರೆಲ್ಲ ಓದ್ತಾರೆ?"

"ತುಂಬ ಮಕ್ಕಳು ಓದ್ತಾರೆ. ಟೀಚರುಗಳೂ ಓದ್ತಾರೆ."

"ಗೊತ್ತಿಲ್ಲದವರು ಕೂಡ?"

"ಅವರು ಕೂಡ."

ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದ. "ಬೇಡ ಟೀಚರ್" ಎಂದು ಹೇಳಿ ಹಾಲು ಕುಡಿಯಲು ಒಳಗೆ ಹೋದ.

ನಿಮಗೆ ಬೇಸರ ಆಗುತ್ತದೆ ಎಂದು ಗೊತ್ತು. ಈ ಸಲ ಮುಚ್ಚಿಡದೆ ಬರೆದಿದ್ದೇನೆ.

ನಿಮ್ಮ
ಜುಲೈಕಾ

---

ಪುತ್ತಿಗೆ
20 ನವೆಂಬರ್ 2024

ಪ್ರೀತಿಯ ಜುಲೈಕಾ,

ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಒಂದು ಸಂಜೆ ಪೂರ್ತಿ ಇತ್ತು. ಆಮೇಲೆ ನನ್ನಷ್ಟಕ್ಕೆ ನಗು ಬಂತು. ಕಿವಿಯಲ್ಲಿ ಹೇಳಬೇಕು ಎಂದು ಪುಸ್ತಕ ಬರೆದವಳು, ಅದರ ಮೊದಲ ಪುಟದಲ್ಲೇ ಊರಿಗೆಲ್ಲ ಕೂಗಿ ಹೇಳಲು ಹೊರಟಿದ್ದೆ. ಹೆಸರು ತೆಗೆದಿದ್ದೇನೆ, ಕಥೆಯನ್ನೂ ತೆಗೆದಿದ್ದೇನೆ. ಪುಸ್ತಕ ಜನವರಿಯಲ್ಲಿ ಅಚ್ಚಿಗೆ ಹೋಗುತ್ತದೆ. ಪ್ರಕಾಶಕರಿಗೆ ಮೌಲ್ಯ ಇನ್ನೂ ಕಂಡಿಲ್ಲ, ಜೀರುಂಡೆ ಇಷ್ಟವಾಗಿದೆ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದು ನಿನಗಲ್ಲ. ಅವನಿಗೊಬ್ಬನಿಗೇ ಓದಿ ಹೇಳು.

ಕಾಂತಿ ಅಕ್ಕ

(ಜೊತೆಗಿಟ್ಟ ಕಾಗದ)

ಮನ್ವಿತ್,

ನಾನು ಕಾಂತಿ. ತುಂಗಿಯ ಚಿತ್ರ ಬರೆಯುವವಳು. ನಿನ್ನ ಟೀಚರ್ ಇದನ್ನು ನಿನಗೆ ಮಾತ್ರ ಓದಿ ಹೇಳುತ್ತಾರೆ.

ಮೊದಲ ತುಂಗಿಯನ್ನು ನಾನು ಸರಿಯಾಗಿ ಬರೆದಿರಲಿಲ್ಲ. ಅದರಿಂದ ನಿನಗೆ ಬೇಸರ ಆಯಿತು. ಮತ್ತೆ, ನಿನ್ನನ್ನು ಕೇಳದೆ ನಿನ್ನ ವಿಷಯವನ್ನು ಒಂದು ಸಭೆಯಲ್ಲಿ ಹೇಳಿಬಿಟ್ಟೆ. ಅದು ತಪ್ಪು. ಇನ್ನು ಹೇಳುವುದಿಲ್ಲ.

ಈಗ ಪುಸ್ತಕದ ಮೊದಲ ಪುಟ ಖಾಲಿ ಉಂಟು. ಅಲ್ಲಿ ಏನು ಬರೆಯಲಿ ಎಂದು ನನಗೆ ಗೊತ್ತಾಗುತ್ತಿಲ್ಲ. ನಿನಗೆ ಏನಾದರೂ ಅನಿಸಿದರೆ ಹೇಳು. ಹೇಳಬೇಕು ಅಂತ ಇಲ್ಲ.

ಕಾಂತಿ

---

ಕೊಕ್ಕಡ
2 ಡಿಸೆಂಬರ್ 2024

ಪ್ರೀತಿಯ ಅಕ್ಕ,

ಅವನನ್ನು ಗೇಟಿನ ಹೊರಗೆ ಕೂರಿಸಿ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದ. ಓದಿದೆ. ಕಾಗದವನ್ನು ಕೈಯಲ್ಲಿ ಹಿಡಿದು ಅಕ್ಷರಗಳನ್ನು ನೋಡಿದ. "ಇದು ನಂಗೇ ಬರೆದದ್ದಾ? ಅಂಚೆಯಲ್ಲಿ ಬಂದದ್ದಾ?" ಎಂದು ಕೇಳಿದ. ಹೌದು ಎಂದೆ.

ಖಾಲಿ ಪುಟಕ್ಕೆ ಏನು ಬೇಕು ಎಂದು ಕೇಳಿದೆ. ಅವನಿಗೆ ಗೊತ್ತುಂಟಂತೆ. ನನಗೆ ಹೇಳುವುದಿಲ್ಲವಂತೆ. "ಅವರು ಕೇಳಿದ್ದಲ್ವಾ? ಅವರು ಬರಲಿ, ಅವರತ್ರ ಹೇಳ್ತೇನೆ" ಎಂದ.

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬನ್ನಿ. ಅಲ್ಲಿಂದ ಧರ್ಮಸ್ಥಳದ ಬಸ್ಸು ಹತ್ತಿ. ಧರ್ಮಸ್ಥಳದಿಂದ ಕೊಕ್ಕಡಕ್ಕೆ ಬಸ್ಸುಂಟು. ಭಾನುವಾರ ಬೇಡ, ಮಕ್ಕಳು ಇರುವುದಿಲ್ಲ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಮಾಡುವ.

ನಿಮ್ಮ
ಜುಲೈಕಾ